ಮೇದೋಜ್ಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಆಪರೇಷನ್: ಮನೆಗೆ ಬಂದ ಮೇಲೆ ಜೋಪಾನ ಮಾಡುವುದು ಹೇಗೆ?

ಈ ಆಪರೇಷನ್‌ಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಹೆಚ್ಚಾಗಿ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಥವಾ ಗೋವಾಕ್ಕೆ ಹೋಗುತ್ತಾರೆ. ಡಿಸ್ಚಾರ್ಜ್ ಆಗಿ ಕಾರವಾರಕ್ಕೋ ಶಿರಸಿಗೋ ಬಂದರೆ ಆಪರೇಷನ್ ಮಾಡಿದ ಡಾಕ್ಟರು ತಾಸುಗಟ್ಟಲೆ ದೂರ. ತೊಂದರೆ ಮೊದಲು ಕಣ್ಣಿಗೆ ಬೀಳಬೇಕಾದದ್ದು ಮನೆಯವರಿಗೇ.

1. ಆಪರೇಷನ್‌ಗೆ ಮೊದಲು

ಬೀಡಿ, ಸಿಗರೇಟು ಕನಿಷ್ಠ 4 ವಾರ ಮೊದಲೇ ನಿಲ್ಲಲಿ. ಕವಳದ (ಎಲೆ-ಅಡಿಕೆಯ) ತಂಬಾಕೂ ಅಷ್ಟೇ. ಗುಲ್ಮವನ್ನೂ (ಸ್ಪ್ಲೀನ್) ತೆಗೆಯುತ್ತಾರಾ ಅಂತ ಕೇಳಿ. ತೆಗೆಯುವುದಾದರೆ ನ್ಯುಮೋನಿಯಾ, ಮೆದುಳುಜ್ವರದ ಲಸಿಕೆಗಳನ್ನು 2 ವಾರ ಮೊದಲೇ ಹಾಕಿಸಿಕೊಳ್ಳುವುದು ಒಳ್ಳೆಯದು.

2. ಆಸ್ಪತ್ರೆಯಲ್ಲಿ

ಮೂರು ಚೆಂಡಿನ ಉಸಿರಾಟದ ಸಾಧನ ಕೊಟ್ಟಿರುತ್ತಾರೆ. ನೋವಿದ್ದರೂ ಹೇಳಿದಷ್ಟು ಸಲ ಅದರಲ್ಲಿ ಉಸಿರು ಎಳೆಯಬೇಕು. ಡಾಕ್ಟರು ಹೇಳಿದ ದಿನದಿಂದಲೇ ಎದ್ದು ನಡೆಯಬೇಕು. ಸುಮ್ನೆ ಮಲಗಿದ್ದರೆ ಶ್ವಾಸಕೋಶದಲ್ಲಿ ಕಫ, ಕಾಲಿನಲ್ಲಿ ರಕ್ತ ಕಟ್ಟುತ್ತದೆ.

3. ಪೈಪ್ ಮೇಲೆ ಕಣ್ಣಿಡಿ

ಈ ಗ್ರಂಥಿಯ ರಸದ ಕೆಲಸವೇ ಆಹಾರ ಕರಗಿಸುವುದು. ಹೊಲಿಗೆಯ ಜಾಗದಿಂದ ಸೋರಿದರೆ ಅದು ಒಳಗಿನ ಅಂಗಾಂಶವನ್ನೂ ತಿನ್ನುತ್ತದೆ. ಅದಕ್ಕೇ ಆಪರೇಷನ್ ಆದ 3ನೇ ದಿನದ ಹೊತ್ತಿಗೆ, ಹೊಟ್ಟೆಯೊಳಗಿನ ನೀರು ಹೊರಗೆ ತರುವ ಡ್ರೈನ್ ಪೈಪಿನ ನೀರಲ್ಲಿ ಅಮೈಲೇಸ್ (ಈ ರಸದಲ್ಲಿರುವ ಒಂದು ಎನ್‌ಜೈಮ್) ಎಷ್ಟಿದೆ ಅಂತ ನೋಡುತ್ತಾರೆ. ಕೆಲವರನ್ನು ಪೈಪ್ ಇಟ್ಟೇ ಮನೆಗೆ ಕಳಿಸುತ್ತಾರೆ. ಆಗ ದಿನಾ ಒಂದೇ ಹೊತ್ತಿಗೆ ಅಳೆದು, ಎಷ್ಟು ಎಂಎಲ್, ಯಾವ ಬಣ್ಣ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಚೀಲ ಗಾಯಕ್ಕಿಂತ ಕೆಳಗೆ ತೂಗುತ್ತಿರಲಿ.

ತಿಳಿಹಳದಿ ಇದ್ದದ್ದು ಕದಡಿ ಬೂದು ಬಣ್ಣವಾದರೆ ಫೋನ್ ಮಾಡಿ. ಕೆಂಪಾದರೆ ಆಸ್ಪತ್ರೆಗೆ ಹೊರಡಿ. ಒಂದೆರಡು ಚಮಚ ರಕ್ತ ಬಂದು ತಾನಾಗಿ ನಿಂತರೂ ಹೊರಡಿ. ರಸ ರಕ್ತನಾಳವನ್ನು ತಿಂದಿದ್ದರೆ ದೊಡ್ಡ ರಕ್ತಸ್ರಾವಕ್ಕೆ ಮೊದಲು ಹೀಗೇ ಸ್ವಲ್ಪ ಕಾಣಿಸಿಕೊಳ್ಳಬಹುದು. 'ನಿಂತಿತಲ್ಲ' ಅಂತ ಕೂರಬೇಡಿ.

4. ಊಟ ಮತ್ತು ಮಾತ್ರೆ

ನಾವು ಎಡವಿದ್ದು ಇಲ್ಲಿ. ಇದೇ ಆಪರೇಷನ್ ಆಗಿದ್ದ ನಮ್ಮ ಚಿಕ್ಕಪ್ಪ ಊಟ ಮುಗಿಸಿ, ಕೈ ತೊಳೆದು ಬಂದು ಎನ್‌ಜೈಮ್ ಮಾತ್ರೆ (ಆಹಾರ ಜೀರ್ಣವಾಗಲು ಕೊಡುವುದು) ನುಂಗುತ್ತಿದ್ದರು. ಮಲ ಎಣ್ಣೆಯ ಹಾಗೆ ಜಿಡ್ಡಾಗಿ ನೀರಲ್ಲಿ ತೇಲುತ್ತಿತ್ತು. ಜೀರ್ಣವಾಗ್ತಿಲ್ಲ ಅಂತ ನಾವು ಕಾಯಿ, ಮೀನು ಎಲ್ಲ ನಿಲ್ಲಿಸಿ ಬರೀ ಗಂಜಿ ಕೊಟ್ಟೆವು. ಎರಡೇ ತಿಂಗಳಲ್ಲಿ ಅಂಗಿ ಜೋತು ಬಿತ್ತು. ಮಾತ್ರೆ ಮೊದಲ ತುತ್ತಿನ ಜೊತೆಗೇ ಹೋಗಬೇಕಿತ್ತು. ದೊಡ್ಡ ಊಟವಾದರೆ ಡೋಸನ್ನು ಪಾಲು ಮಾಡಿ ಮಧ್ಯದಲ್ಲೂ ತೆಗೆದುಕೊಳ್ಳಬೇಕಿತ್ತು. ಅಗಿಯಬಾರದು, ಬಿಸಿ ಗಂಜಿಗೆ ಬಿಚ್ಚಿ ಹಾಕಬಾರದು, ಬಿಸಿಗೆ ಕೆಡುತ್ತದೆ. ಹೀಗೆ ಸರಿಯಾಗಿ ತೆಗೆದುಕೊಂಡರೂ ಮಲ ತೇಲಿದರೆ ಡೋಸ್ ಜಾಸ್ತಿ ಬೇಕೋ ಏನೋ, ಡಾಕ್ಟರನ್ನು ಕೇಳಿ.

ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ ತಿನ್ನಲಿ. ಬೇಯಿಸಿದ ನೋಗಲಿ ಮೀನು, ಮೊಟ್ಟೆ, ಬೇಳೆ, ತಂಬುಳಿ ಹೊಂದುತ್ತವೆ. ಮದ್ಯ ಬೇಡವೇ ಬೇಡ. ಸಕ್ಕರೆ ಕಾಯಿಲೆ ಹೊಸದಾಗಿ ಶುರುವಾಗಬಹುದು, ಪರೀಕ್ಷೆ ಮಾಡಿಸುತ್ತಿರಿ.

5. ಯಾವಾಗ ಹೊರಡಬೇಕು?

100.4 ಡಿಗ್ರಿ ದಾಟಿದ ಜ್ವರ, ನಿಲ್ಲದ ವಾಂತಿ, ಹೆಚ್ಚುವ ಹೊಟ್ಟೆನೋವು, ಹಳದಿ ಕಣ್ಣು, ಕಪ್ಪು ಮಲ, ಒಂದೇ ಕಾಲಿನ ಬಾವು, ಏದುಸಿರು. ಯಾವುದೇ ಒಂದು ಕಂಡರೂ ಸಾಕು. ಮಳೆಗಾಲದಲ್ಲಂತೂ ಬೆಳಗಾಗಲಿ ಅಂತ ಕಾಯಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದಾದದ್ದು ನೆನಪಿದೆ ಅಲ್ವಾ? ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ ಡಿಸ್ಚಾರ್ಜ್ ಪತ್ರ, ಪೈಪಿನ ಲೆಕ್ಕದ ನೋಟ್‌ಬುಕ್ ತೋರಿಸಿ. ಅಲ್ಲಿಂದಲೇ ಆಪರೇಷನ್ ಆದ ಆಸ್ಪತ್ರೆಗೆ ಫೋನ್ ಮಾಡಿಸಿ. ಪತ್ರ, ನೋಟ್‌ಬುಕ್ ಎರಡನ್ನೂ ಈಗಲೇ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಗಿಲ ಹತ್ತಿರದ ಗೂಟಕ್ಕೆ ತೂಗಿಡಿ.