ದೇಶ ದೇಶಗಳ ಜಗಳ ಬಿಡಿಸುವ ಕೆಲಸಕ್ಕೆ ತಯಾರಾಗುವುದು ಹೇಗೆ?

ಅಂತರರಾಷ್ಟ್ರೀಯ ಸಂಧಾನಕಾರ ಆಗಬೇಕು, ಯಾವ ಸರ್ಟಿಫಿಕೇಟ್ ಮಾಡಲಿ? ಮೈಸೂರಿನಲ್ಲಿ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು ಈಗ ಈ ಪ್ರಶ್ನೆ ಜಾಸ್ತಿ ಕೇಳುತ್ತಾರೆ. ಸರಿ, ಒಂದು ಜಗಳ ಬಿಡಿಸಿ ತೋರಿಸಿ ಅಂದರೆ ಐದು ನಿಮಿಷದಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. 'ನೀವು ಅರ್ಧ ಬಿಡಿ, ಅವರು ಅರ್ಧ ಬಿಡಲಿ' ಅಂತ. ತೀರ್ಪು ಕೊಡುವುದು ಜಡ್ಜ್ ಕೆಲಸ. ಸಂಧಾನಕಾರರಿಗೆ ಆ ಅಧಿಕಾರವೇ ಇರುವುದಿಲ್ಲ, ಬೇಡ ಅನ್ನಿಸಿದರೆ ಯಾರು ಬೇಕಾದರೂ ಎದ್ದು ಹೋಗಬಹುದು.

ಹೆಜ್ಜೆ 1: ಓದು. ರಾಜ್ಯಶಾಸ್ತ್ರ, ಕಾನೂನು, ಇತಿಹಾಸ ಯಾವುದಾದರೂ ನಡೆಯುತ್ತದೆ. ಮಾನಸಗಂಗೋತ್ರಿಯಲ್ಲೇ ಎಂ.ಎ. ಮಾಡಬಹುದು. ಸಂಧಾನದ ವಿಷಯವೇ ಬೇಕೆಂದರೆ ದೆಹಲಿಯ ಜಾಮಿಯಾ ಮಿಲಿಯಾ ವಿಶ್ವವಿದ್ಯಾಲಯದಲ್ಲಿ ಶಾಂತಿ, ಸಂಘರ್ಷ ಪರಿಹಾರ ಕಲಿಸುವ ನೆಲ್ಸನ್ ಮಂಡೇಲಾ ಹೆಸರಿನ ಕೇಂದ್ರ ಇದೆ. ಜೊತೆಗೆ ಫ್ರೆಂಚ್ ಅಥವಾ ಅರೇಬಿಕ್ ಕಲಿಯಿರಿ. ನನ್ನನ್ನು ಕೇಳಿದರೆ ಎರಡನೇ ಡಿಗ್ರಿಗಿಂತ ಇದೇ ಮುಖ್ಯ. ಎರಡು ದಿನದ ಆನ್‌ಲೈನ್ ಕ್ಲಾಸ್ ಮಾಡಿ 'ಸರ್ಟಿಫೈಡ್ ನೆಗೋಷಿಯೇಟರ್' ಅಂತ ಚೀಟಿ ಕೊಡುವವರಿಗೆ ಮಾತ್ರ ದುಡ್ಡು ಕಟ್ಟಬೇಡಿ.

ಹೆಜ್ಜೆ 2: ಕೈ ಪಳಗಿಸುವುದು. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ಹೀಗೆ ಅಂದುಕೊಳ್ಳಿ. ಮಂಡ್ಯದ ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಒಂದು ತೂಬು. ಮೇಲಿನ ರೈತರು ತೂಬು ಮುಚ್ಚಬೇಡಿ ಅನ್ನುತ್ತಾರೆ, ಕೊನೆ ಭಾಗದವರು ಈಗಲೇ ಮುಚ್ಚಿ ಅನ್ನುತ್ತಾರೆ. ಇಬ್ಬರನ್ನೂ ಅರಳಿಕಟ್ಟೆಯಲ್ಲಿ ಎದುರುಬದುರು ಕೂರಿಸಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಊರಿನವರೆಲ್ಲ ನೋಡುತ್ತಿರುವಾಗ ಯಾರು ತಾನೇ ಮೆತ್ತಗಾಗುತ್ತಾರೆ?

ಮೊದಲು ಒಂದೊಂದು ಕಡೆಯವರ ಜೊತೆ ಬೇರೆ ಬೇರೆಯಾಗಿ ಕೂತುಕೊಳ್ಳಿ. ಏನು ಬೇಕು ಅಂತ ಕೇಳಬೇಡಿ, ಅದು ಆಗಲೇ ಕೂಗಾಡಿ ಹೇಳಿಯಾಗಿದೆ. ಯಾಕೆ ಬೇಕು, ಯಾವ ದಿನದೊಳಗೆ ನೀರು ಬರದಿದ್ದರೆ ಪೈರು ಹೋಗುತ್ತದೆ ಅಂತ ಕೇಳಿ. ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ. 'ಹೂಂ, ನಾನ್ ಹೇಳಿದ್ದು ಅದೇ' ಅನ್ನುವವರೆಗೂ ಬಿಡಬೇಡಿ, ಸಲಹೆಯನ್ನಂತೂ ಕೊಡಲೇಬೇಡಿ. ಆಗ ಮೇಲಿನ ರೈತನ ನಿಜವಾದ ಭಯ ಹೊರಗೆ ಬರಬಹುದು. ಅವನಿಗೆ ಇವತ್ತಿನ ನೀರಿನ ಚಿಂತೆ ಅಷ್ಟಿಲ್ಲ, ಒಮ್ಮೆ ಮುಚ್ಚಿದ ತೂಬನ್ನು ಮತ್ತೆ ತೆಗೆಯುತ್ತಾರೋ ಇಲ್ಲವೋ ಅನ್ನುವ ಅನುಮಾನ. ಅದಕ್ಕೆ ತಾರೀಕು ಬರೆದ ಸರದಿ ಪಟ್ಟಿ ಇದೆ, ನೀರು ಬಿಡುವ ನೀರಗಂಟಿಯ ಜವಾಬ್ದಾರಿ ಇದೆ. ಅರ್ಧ ಅರ್ಧದ ತೀರ್ಪಿನಲ್ಲಿ ಇದು ಯಾವುದೂ ಬರುತ್ತಿರಲಿಲ್ಲ.

1978ರಲ್ಲಿ ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ ಈಜಿಪ್ಟ್, ಇಸ್ರೇಲ್ ನಡುವಿನ ಮಾತುಕತೆಯಲ್ಲಿ ಆದದ್ದೂ ಬಹುಪಾಲು ಇದೇ. ಈಜಿಪ್ಟಿಗೆ ಇಸ್ರೇಲ್ ಹಿಡಿದಿಟ್ಟುಕೊಂಡಿದ್ದ ಸಿನಾಯ್ ನೆಲ ಪೂರ್ತಿ ವಾಪಸ್ ಬೇಕಿತ್ತು, ಇಸ್ರೇಲಿಗೆ ಗಡಿಯ ಮೇಲೆ ಸೈನ್ಯ ಬಂದು ನಿಲ್ಲುವ ಭಯ. ನೆಲವನ್ನು ಅರ್ಧ ಮಾಡಿದ್ದರೆ ಇಬ್ಬರಿಗೂ ಸಮಾಧಾನ ಆಗುತ್ತಿರಲಿಲ್ಲ. ಕೊನೆಗೆ ನೆಲ ಈಜಿಪ್ಟಿಗೆ ಹೋಯಿತು, ಅಲ್ಲಿ ಎಷ್ಟು ಸೈನ್ಯ ಇಡಬಹುದು ಅನ್ನುವುದಕ್ಕೆ ಕಟ್ಟುಪಾಡು ಬಂತು. ಈಜಿಪ್ಟಿನ ಅಧ್ಯಕ್ಷ ಸಾದಾತ್ ಮತ್ತು ಇಸ್ರೇಲಿನ ಪ್ರಧಾನಿ ಬೆಗಿನ್ ಎದುರು ಕೂತರೆ ಜಗಳವೇ ಆಗುತ್ತಿತ್ತು, ಹಾಗಾಗಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ 13 ದಿನಗಳ ಆ ಮಾತುಕತೆಯಲ್ಲಿ ಬಹುಪಾಲು ಅವರ ಕ್ಯಾಬಿನ್‌ಗಳ ನಡುವೆ ಓಡಾಡಿದರು. ಅಮೆರಿಕದವರೇ ಒಂದು ಕರಡು ಬರೆದು, ಇಬ್ಬರಿಗೂ ತೋರಿಸಿ, ತಿದ್ದಿ, ಮತ್ತೆ ತೋರಿಸುತ್ತಾ 23 ಕರಡು ಮಾಡಿದರು.

ನೀವೂ ಹಾಗೇ ಮಾಡಿ. ಎರಡೂ ಕಡೆಯವರು ಒಂದೊಂದು ಕಾಗದ ತಂದರೆ ಪಕ್ಕಕ್ಕಿಟ್ಟು ನೀವೇ ಒಂದು ಬರೆಯಿರಿ. 'ಒಪ್ಪಿಗೆಯಾ?' ಅಂತ ಕೇಳಿದರೆ ಇಲ್ಲ ಅಂತಲೇ ಬರುತ್ತದೆ. 'ಇದರಲ್ಲಿ ಏನು ಸರಿಯಿಲ್ಲ?' ಅಂತ ಕೇಳಿ. ಇನ್ನೊಂದು ವಿಷಯ, ಒಬ್ಬರು ಒಳಗೆ ಹೇಳಿದ್ದನ್ನು ಅವರ ಅನುಮತಿ ಇಲ್ಲದೆ ಇನ್ನೊಬ್ಬರಿಗೆ ಮುಟ್ಟಿಸಬೇಡಿ. ಏಳುವ ಮುಂಚೆ 'ಇದರಲ್ಲಿ ಯಾವುದನ್ನು ಅವರಿಗೆ ಹೇಳಬಹುದು?' ಅಂತ ಕೇಳಿಕೊಳ್ಳಿ. ಒಂದು ಸಲ ಬಾಯಿ ಜಾರಿದರೆ ಮುಗೀತು, ಆಮೇಲೆ ನಿಮ್ಮ ಹತ್ತಿರ ಯಾರೂ ನಿಜ ಹೇಳುವುದಿಲ್ಲ.

ಇದನ್ನೆಲ್ಲ ಕಲಿಯಲು ಜಿನೀವಾ ಬೇಕಿಲ್ಲ. ವಕೀಲರಾಗಿದ್ದರೆ ಕೋರ್ಟಿನ ಮಧ್ಯಸ್ಥಿಕೆ ಕೇಂದ್ರಗಳಿಗೆ 40 ಗಂಟೆಯ ತರಬೇತಿ ಇದೆ. ಉಳಿದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್ (ಕಾನೂನು ನೆರವಿನ ಸ್ವಯಂಸೇವಕ) ಆಗಲು ಅರ್ಜಿ ಹಾಕಬಹುದು. 2003ರಲ್ಲಿ ಕರ್ನಾಟಕ, ತಮಿಳುನಾಡು ರೈತರು ಸೇರಿ ಮಾಡಿಕೊಂಡ 'ಕಾವೇರಿ ಕುಟುಂಬ'ದ ಬಗ್ಗೆಯೂ ಹುಡುಕಿ ಓದಿ. ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗಿ ನೋಡಿ ಬಂದಿದ್ದರು. ನದಿ ಜಗಳ ಅದರಿಂದ ಮುಗಿಯಲಿಲ್ಲ ನಿಜ, ಆದರೂ ನಮ್ಮ ಭಾಗದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಹೆಜ್ಜೆ 3: ಒಳಗೆ ಹೋಗುವ ದಾರಿ. ವಿಶ್ವಸಂಸ್ಥೆಯ ಯುವ ವೃತ್ತಿಪರರ ಪರೀಕ್ಷೆಗೆ ವಯಸ್ಸು 32 ದಾಟಿರಬಾರದು. ಆ ವರ್ಷ ಪರೀಕ್ಷೆಗೆ ಅವಕಾಶ ಇರುವ ದೇಶಗಳ ಪಟ್ಟಿಯಲ್ಲಿ ಭಾರತ ಇದೆಯಾ ಅಂತ ಮೊದಲು ನೋಡಿ, ಆಮೇಲೆ ಕೋಚಿಂಗ್ ಮಾತು. ವಿಶ್ವಸಂಸ್ಥೆಯ ವಾಲಂಟಿಯರ್ ಕೆಲಸ ಇನ್ನೊಂದು ದಾರಿ. ಜಿನೀವಾದ ಸೆಂಟರ್ ಫಾರ್ ಹ್ಯುಮಾನಿಟೇರಿಯನ್ ಡೈಲಾಗ್‌ನಂಥ, ಸಂಧಾನ ಮಾಡಿಸುವ ಖಾಸಗಿ ಸಂಸ್ಥೆಗಳೂ ಇವೆ.

ಮುಖ್ಯ ಸಂಧಾನಕಾರ ಕೂರುವ ಮೇಜಿನ ತುದಿಯ ಕುರ್ಚಿ ಮಾತ್ರ ಬೇಗ ಸಿಗುವುದಿಲ್ಲ. 2005ರಲ್ಲಿ ಇಂಡೋನೇಷ್ಯಾದಲ್ಲಿ 'ಆಚೆ' (Aceh) ಅನ್ನುವ ಪ್ರಾಂತ್ಯದ ಸಂಧಾನ ಮಾಡಿಸಿದ ಮಾರ್ಟಿ ಅಹ್ತಿಸಾರಿ ಓದಿದ್ದು ಶಾಲಾ ಮೇಷ್ಟ್ರ ಕೆಲಸಕ್ಕೆ. ಆದರೆ ಅಷ್ಟು ಹೊತ್ತಿಗೆ ಅವರು ರಾಯಭಾರಿಯಾಗಿ, ನಮೀಬಿಯಾದಲ್ಲಿ ವಿಶ್ವಸಂಸ್ಥೆಯ ಕೆಲಸ ಮಾಡಿ, ಫಿನ್ಲೆಂಡಿನ ಅಧ್ಯಕ್ಷರೂ ಆಗಿ ಮುಗಿಸಿದ್ದರು. ಹೊಸಬರಿಗೆ ಸಿಗುವುದು ಮಾತುಕತೆಯ ಟಿಪ್ಪಣಿ ಬರೆಯುವ ಕೆಲಸ, ಬೇಜಾರಿಲ್ಲದೆ ಒಪ್ಪಿಕೊಳ್ಳಿ. ಅರ್ಜಿಯಲ್ಲಿ 'ಮಾತುಗಾರಿಕೆ ಚೆನ್ನಾಗಿದೆ' ಅಂತ ಬರೆಯುವ ಬದಲು ನೀವು ಬಿಡಿಸಿದ ಒಂದು ಜಗಳ, ಅದರ ಒಪ್ಪಂದ ವರ್ಷವಾದರೂ ಉಳಿದಿದೆಯಾ ಅನ್ನುವುದನ್ನು ಬರೆಯಿರಿ.

ಸಂಬಳದ ವಿಷಯವನ್ನೂ ಮನೆಯಲ್ಲಿ ಮೊದಲೇ ಹೇಳಿಬಿಡಿ. ಇಲ್ಲಿ ಹೆಚ್ಚಿನವು ಕಾಂಟ್ರಾಕ್ಟ್ ಕೆಲಸ, ಕೆಲವು ತಿಂಗಳಿಗೇ ಮುಗಿಯುವುದೂ ಉಂಟು. ಮಾತುಕತೆ ಮುರಿದುಬಿದ್ದರೆ ಕೆಲಸವೂ ನಿಲ್ಲಬಹುದು. ಮನೆ ಸಾಲ ಇರುವವರು ಒಂದು ವರ್ಷದ ಕಂತು ಬ್ಯಾಂಕಿನಲ್ಲಿಟ್ಟು ಹೊರಡಿ.