ಬೂದಿ ಮುಚ್ಚಿದ ಕೆಂಡ ಅಂದರು: ಹಾಲು ಹಲ್ಲಿನ ಲೈನರ್‌ಗಳ ಜೊತೆ ನನ್ನ ಎಂಟು ವರ್ಷ

2016ರಲ್ಲಿ ಹಾಸನದಲ್ಲಿ ಹಲ್ಲಿನ ಕ್ಲಿನಿಕ್ ತೆರೆದಾಗ ನನ್ನ ಹತ್ತಿರ ಇದ್ದದ್ದು ಒಂದು ಚೇರ್, ಸೆಕೆಂಡ್ ಹ್ಯಾಂಡ್ ಎಕ್ಸ್‌ರೇ ಮೆಷಿನ್ ಮತ್ತು ಬ್ಯಾಂಕ್ ಸಾಲ. ಮಕ್ಕಳ ದವಡೆ ಹಲ್ಲಿಗೆ ಆಳವಾಗಿ ಹುಳುಕು ಹಿಡಿದಿದ್ದರೆ ಸುತ್ತಮುತ್ತ ಎಲ್ಲರೂ ಮಾಡುತ್ತಿದ್ದದ್ದು ಎರಡೇ. ಒಳಗಿನ ನರ ತೆಗೆದು ತುಂಬುವ ಪಲ್ಪೆಕ್ಟಮಿ ಮಾಡು, ಇಲ್ಲಾ ಕಿತ್ತು ಹಾಕು. ನಾನು ಕೊನೆಯ ಪದರದ ಹುಳುಕನ್ನು ಹಾಗೇ ಬಿಟ್ಟು, ಮೇಲೆ ಲೈನರ್, ಅಂದರೆ ಫಿಲ್ಲಿಂಗ್ ಕೆಳಗಿನ ರಕ್ಷಣೆಯ ಪದರ, ಹಾಕಿ ಮುಚ್ಚಲು ಹೊರಟೆ. ಇದು ನನ್ನ ಆವಿಷ್ಕಾರ ಏನಲ್ಲ, ದಂತವೈದ್ಯರಾದ ನೀವೆಲ್ಲ ಪರೀಕ್ಷೆಗೆ ಓದಿದ್ದೇ. ಆದರೆ ಅದನ್ನು ಬಾಯಲ್ಲಿ ಮಾಡಿ, ದುಡ್ಡು ಇಸಿದುಕೊಂಡು, ಆರು ತಿಂಗಳಾದ ಮೇಲೆ ಅದೇ ಅಪ್ಪ ಅಮ್ಮನ ಮುಖ ನೋಡುವುದು ಬೇರೆ ವಿಷಯ.

ಊರಿನ ಹಿರಿಯ ಡಾಕ್ಟರೊಬ್ಬರು ಒಂದು ಮದುವೆ ಊಟದಲ್ಲಿ ಕೇಳಿಸಿಕೊಂಡು ನಕ್ಕರು. "ಬೂದಿ ಮುಚ್ಚಿದ ಕೆಂಡ ಕಣಯ್ಯಾ ಅದು. ಇವತ್ತಲ್ಲ ನಾಳೆ ನಿನ್ನೇ ಸುಡುತ್ತೆ." ಎಲೆ ಮುಂದೆ ಕೂತು ಏನು ವಾದ ಮಾಡೋದು? ಪಾಯಸ ಕುಡಿದು ಎದ್ದು ಬಂದೆ.

ಮೊದಲು ಹಿಡಿದದ್ದು ಡೈಕಾಲ್, ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ಲೈನರ್. ಕಾಲೇಜಿನಲ್ಲಿ ಕಲಿತದ್ದು ಅದೇ, ಅಗ್ಗವೂ ಹೌದು. ಒಂದು ಸೆಟ್ ತಂದರೆ ತಿಂಗಳುಗಟ್ಟಲೆ ಬರುತ್ತಿತ್ತು. ನನ್ನ ಮೊದಲ ತಪ್ಪು ಅಂದರೆ ದಪ್ಪಗೆ ಹಾಕಿದ್ದು. ಜಾಸ್ತಿ ಹಾಕಿದರೆ ಜಾಸ್ತಿ ರಕ್ಷಣೆ ಅಂತ ನನ್ನ ಲೆಕ್ಕ. ಕುಳಿಯ ತಳ ಪೂರ್ತಿ ಡೈಕಾಲ್ ಆದರೆ ಮೇಲೆ ತುಂಬುವ ಗ್ಲಾಸ್ ಅಯನೋಮರ್ ಸಿಮೆಂಟಿಗೆ ಅಂಟಿಕೊಳ್ಳಲು ಹಲ್ಲೇ ಉಳಿಯುವುದಿಲ್ಲ ಅಲ್ವಾ? ಏಳೆಂಟು ತಿಂಗಳಿಗೆ ಫಿಲ್ಲಿಂಗ್ ಅಲ್ಲಾಡುತ್ತಾ ಮಕ್ಕಳು ವಾಪಸ್ ಬಂದರು. ತೆಗೆದು ನೋಡಿದರೆ ಒಳಗೆ ಡೈಕಾಲೇ ಇಲ್ಲ! ಕರಗಿ ಹೋಗಿ ಬರೀ ಪೊಳ್ಳು. ಅದರ ಪಿಎಚ್ 12ರ ಹತ್ತಿರ, ಕ್ರಿಮಿ ಕೊಲ್ಲುತ್ತೆ, ಎಲ್ಲ ಸರಿ. ಆದರೆ ಒಂದು ಕಡೆ ಸಂದು ಬಿಟ್ಟು ತೇವ ಒಳಗೆ ಹೋದರೆ ಅದು ನಿಲ್ಲುವುದಿಲ್ಲ. ಸುಮಾರು 45 ಹಲ್ಲಿಗೆ ಹಾಕಿರಬೇಕು. ಒಂಬತ್ತು ಕೆಟ್ಟವು.

ಆಮೇಲೆ ಹಿಡಿದ ಲೈನರ್ ಎಂಟಿಎ (ಮಿನರಲ್ ಟ್ರೈಆಕ್ಸೈಡ್ ಅಗ್ರಿಗೇಟ್). ಬೆಂಗಳೂರಿನಲ್ಲಿ ಒಂದು ದಿನದ ತರಬೇತಿಗೆ ಹೋಗಿ ತಲೆ ತಿರುಗಿಸಿಕೊಂಡು ಬಂದೆ. ಅಮೆರಿಕದ ಲೋಮಾ ಲಿಂಡಾದಲ್ಲಿ ಟೊರಾಬಿನೆಜಾದ್ ತಯಾರಿಸಿದ ವಸ್ತು, ಒಳಗಿರುವುದು ಹೆಚ್ಚುಕಡಿಮೆ ಪೋರ್ಟ್‌ಲ್ಯಾಂಡ್ ಸಿಮೆಂಟು. ಮನೆ ಕಟ್ಟುವ ಸಿಮೆಂಟ್ ಆಗ ಚೀಲಕ್ಕೆ ಮುನ್ನೂರು ಚಿಲ್ಲರೆ, ಇದು ಗ್ರಾಂ ಲೆಕ್ಕದಲ್ಲಿ ಸಾವಿರಾರು! ಕಲಸಿದರೆ ಒದ್ದೆ ಮರಳು. ಕುಳಿಯಲ್ಲಿ ಕೂರಿಸುವಷ್ಟರಲ್ಲಿ ಅಸಿಸ್ಟೆಂಟ್ ಸಕ್ಷನ್ ಹತ್ತಿರ ತಂದಳು, ಸುರ್ ಅಂತ ಹೊರಟೇ ಹೋಯಿತು. ಎರಡು ಸಲ ಹೀಗಾಯಿತು.

ಅದಕ್ಕಿಂತ ದೊಡ್ಡ ಏಟು ಬಿದ್ದದ್ದು ಸೆಟ್ಟಿಂಗ್ ಟೈಮಿನಿಂದ. ಎಂಟಿಎ ಗಟ್ಟಿಯಾಗಲು ಗಂಟೆಗಟ್ಟಲೆ ಬೇಕು. ಅದಕ್ಕೇ ಒದ್ದೆ ಹತ್ತಿ ಇಟ್ಟು, ತಾತ್ಕಾಲಿಕ ಫಿಲ್ಲಿಂಗ್ ಹಾಕಿ, "ಮುಂದಿನ ವಾರ ಬನ್ನಿ" ಅಂದು ಕಳಿಸುತ್ತಿದ್ದೆ. ಸಕಲೇಶಪುರದ ಕಡೆಯ ಎಸ್ಟೇಟಿನಿಂದ ಬಂದ ಒಂದು ಹುಡುಗಿಗೆ ಡಿಸೆಂಬರ್‌ನಲ್ಲಿ ಹಾಗೆ ಮಾಡಿದೆ. ಕಾಫಿ ಕೊಯ್ಲಿನ ಕಾಲ. ಅಪ್ಪ ಅಮ್ಮ ಇಬ್ಬರೂ ಕೂಲಿ. ಒಂದು ದಿನ ಬಿಟ್ಟರೆ ಒಂದು ದಿನದ ಸಂಬಳ ಹೋಯಿತು. ಅವರು ವಾಪಸ್ ಬಂದದ್ದು ಶಿವರಾತ್ರಿ ಕಳೆದ ಮೇಲೆ. ತಾತ್ಕಾಲಿಕ ಫಿಲ್ಲಿಂಗ್ ಯಾವಾಗಲೋ ಬಿದ್ದಿತ್ತು, ಒಸಡಿನ ಮೇಲೆ ಕೀವಿನ ಗುಳ್ಳೆ. ಆ ಹಲ್ಲನ್ನು ದುಡ್ಡು ತೆಗೆದುಕೊಳ್ಳದೆ ಕಿತ್ತೆ. ತಪ್ಪು ಎಂಟಿಎದ್ದಲ್ಲ, ನನ್ನದು. ಎರಡನೇ ಸಲ ಬರಲು ಆಗದವರನ್ನು ಎರಡನೇ ಸಲಕ್ಕೆ ಕರೆದದ್ದು. ಹತ್ತು ಹಲ್ಲಿಗೆ ಹಾಕಿ ಮೂರು ಕಳೆದುಕೊಂಡ ಮೇಲೆ ಬಾಟಲಿ ಎತ್ತಿಟ್ಟೆ.

ಬೇಗ ಗಟ್ಟಿಯಾಗುವ ಬಯೋಡೆಂಟಿನ್ ಸಿಮೆಂಟ್ ಕೈಗೆ ಬಂದಾಗ ಕಥೆ ಮುಗಿಯಿತು ಅಂದುಕೊಂಡೆ. ಕ್ಯಾಪ್ಸೂಲಿಗೆ ಐದು ಹನಿ, ಮೂವತ್ತು ಸೆಕೆಂಡ್ ಗಿರಗಿರ, ಹನ್ನೆರಡು ನಿಮಿಷಕ್ಕೆ ಗಟ್ಟಿ. ಕೇಳಲು ಚೆಂದ. ಕ್ಯಾಪ್ಸೂಲ್ ಅಲ್ಲಾಡಿಸಿ ಕಲಸುವ ನನ್ನ ಹಳೇ ಅಮಾಲ್ಗಮೇಟರ್‌ಗೆ ಅದು ಕೇಳುವ, ನಿಮಿಷಕ್ಕೆ 4000ಕ್ಕೂ ಮೇಲಿನ ವೇಗ ಇರಲಿಲ್ಲ. ಮೊದಲ ಕ್ಯಾಪ್ಸೂಲ್ ತೆರೆದರೆ ಅರ್ಧ ಪುಡಿ, ಅರ್ಧ ಮಜ್ಜಿಗೆ. ಎರಡನೆಯದಕ್ಕೆ ಅಸಿಸ್ಟೆಂಟ್ ಹುಡುಗಿ ಏಳು ಹನಿ ಬಿಟ್ಟಳು, ಅದು ಗಟ್ಟಿಯಾಗಲೇ ಇಲ್ಲ. ಕ್ಯಾಪ್ಸೂಲ್ ಒಂದಕ್ಕೆ ನನಗೆ ಬೀಳುತ್ತಿದ್ದದ್ದು ಹತ್ತಿರ ಹತ್ತಿರ ಸಾವಿರ ರೂಪಾಯಿ. ಎರಡು ಸಾವಿರ ಕಸದ ಬುಟ್ಟಿಗೆ ಹೋದ ದಿನ ಮಧ್ಯಾಹ್ನ ಊಟ ಸೇರಲಿಲ್ಲ. ಬೇರೆ ಮೆಷಿನ್ ತಂದೆ, ಅದಕ್ಕೆ ಇನ್ನೊಂದಷ್ಟು ಸಾವಿರ.

ಮೆಷಿನ್ ಸರಿಯಾದ ಮೇಲೆ ಕೆಲಸ ಚೆನ್ನಾಗೇ ಆಯಿತು, ಸುಳ್ಳು ಹೇಳಬಾರದು. 25 ಹಲ್ಲಿನಲ್ಲಿ ಮೂರೇ ಕೆಟ್ಟಿದ್ದು. ಆದರೆ ಐದು ವರ್ಷದ ಮಗು ಬಾಯಿ ತೆರೆದು ಹನ್ನೆರಡು ನಿಮಿಷ ಕೂರಬೇಕಲ್ಲ? ಆ ಹೊತ್ತಿಗೆ ನಾನು ಹೇಳಿದ ಕಾಗೆ ಗುಬ್ಬಿ ಕಥೆಗಳಿಗೇ ಬೇರೆ ಬಿಲ್ ಹಾಕಬಹುದಿತ್ತು. ಜೊತೆಗೆ ಅಜ್ಜಿಯರ ಪ್ರಶ್ನೆ: "ಬೀಳೋ ಹಲ್ಲಿಗೆ ಅಷ್ಟು ದುಡ್ಡು ಯಾಕೆ ಡಾಕ್ಟ್ರೇ?" ಅರಕಲಗೂಡಿನ ಆಲೂಗಡ್ಡೆ ಬೆಳೆಗಾರರೊಬ್ಬರು ನಾನು ಹೇಳಿದ ರೇಟಿಗೆ ಅವತ್ತಿನ ಮಾರ್ಕೆಟ್ಟಿನಲ್ಲಿ ಎಷ್ಟು ಮೂಟೆ ಆಗುತ್ತೆ ಅಂತ ಬಾಯಿಲೆಕ್ಕದಲ್ಲೇ ಹೇಳಿದರು. ನಾನು ಅಲ್ಲೇ ಐನೂರು ಇಳಿಸಿದೆ.

ಲಾಕ್‌ಡೌನ್‌ನಲ್ಲಿ ಕೈಯಲ್ಲಿ ಕೆಲಸ ಇಲ್ಲದಾಗ ಒಂದು ಆಟ ಆಡಿದೆ. ಕಿತ್ತ ಹಾಲು ಹಲ್ಲುಗಳನ್ನು ಮೊದಲಿಂದ ಕೂಡಿಟ್ಟಿದ್ದೆ. ಹನ್ನೆರಡೋ ಹದಿನಾಲ್ಕೋ ಇದ್ದವು. ನಾಲ್ಕು ಥರದ ಲೈನರ್ ಹಾಕಿ ಮುಚ್ಚಿ, ಕೆಲವಕ್ಕೆ ಹಲ್ಲನ್ನು ಪೂರ್ತಿ ಮುಚ್ಚುವ ಸ್ಟೀಲ್ ಕ್ಯಾಪ್ ಕೂರಿಸಿ, ಕೆಲವನ್ನು ಹಾಗೇ ಬಿಟ್ಟು, ಉಪ್ಪಿನಕಾಯಿ ಬಾಟಲಿಯಲ್ಲಿ ನೀಲಿ ಇಂಕಿನೊಳಗೆ ಮುಳುಗಿಸಿದೆ. ಬಾಟಲಿ ಅಡಿಗೆಮನೆ ಶೆಲ್ಫಿನಲ್ಲಿತ್ತು. ನನ್ನ ಹೆಂಡತಿ ಅದನ್ನು ತೆರೆದ ಕಥೆ ಬೇಡ ಬಿಡಿ. ಹತ್ತು ದಿನದ ಮೇಲೆ ಡಿಸ್ಕ್‌ನಲ್ಲಿ ಸೀಳಿ ನೋಡಿದೆ. ಕ್ಯಾಪ್ ಇಲ್ಲದ ಹಲ್ಲುಗಳ ಪಕ್ಕದ ಬದಿಯ ಕುಳಿಗಳಲ್ಲಿ ಇಂಕು ತಳದವರೆಗೆ ಇಳಿದಿತ್ತು, ಲೈನರ್ ಯಾವುದೇ ಆಗಿರಲಿ. ಕ್ಯಾಪ್ ಇದ್ದವುಗಳಲ್ಲಿ ಅಂಚಿನಲ್ಲಿ ಮಾತ್ರ ಒಂದು ಗೆರೆ. ಇದನ್ನು ಸಂಶೋಧನೆ ಅಂತ ಯಾರೂ ಒಪ್ಪಲ್ಲ, ಗೊತ್ತು. ನನಗೆ ಅಷ್ಟು ಸಾಕಾಯಿತು.

ಅವತ್ತೇ ರಿಜಿಸ್ಟರ್ ತೆಗೆದು ಕೂತೆ. ಆವರೆಗೆ ಲೈನರ್ ಹೆಸರಿನ ಮೇಲೆ ಲೆಕ್ಕ ಹಾಕುತ್ತಿದ್ದೆ, ಈಗ ಮುಚ್ಚಳದ ಮೇಲೆ ಹಾಕಿದೆ. ಇವತ್ತಿನವರೆಗಿನ ಎಲ್ಲಾ ಸೇರಿಸಿ ಕೆಟ್ಟಿರುವುದು 21 ಹಲ್ಲು ಇರಬಹುದು. ಅದರಲ್ಲಿ ಹದಿನಾರಕ್ಕೆ ಕ್ಯಾಪ್ ಹಾಕಿರಲಿಲ್ಲ! ಅರ್ಧಕ್ಕಿಂತ ಜಾಸ್ತಿ ಡಿ ಹಲ್ಲುಗಳು (ಮೊದಲನೇ ಹಾಲು ದವಡೆ ಹಲ್ಲು), ಅದೂ ಕೆಳಗಿನವು. ಹಿರಿಯರು ಹೇಳಿದ ಕೆಂಡದ ಮಾತು ಆಗ ನೆನಪಾಯಿತು. ಬೂದಿ ಮುಚ್ಚಿದರೆ ಕೆಂಡ ಬೆಳಗಿನವರೆಗೂ ಉಳಿಯುತ್ತೆ, ನಿಜ. ಅದೇ ಕೆಂಡವನ್ನು ನಮ್ಮಜ್ಜಿ ಮಡಕೆಗೆ ಹಾಕಿ ಮುಚ್ಚಳ ಬಿಗಿದರೆ ಆರಿ ಇದ್ದಿಲಾಗುತ್ತಿತ್ತು. ನಾನು ಅಷ್ಟು ವರ್ಷ ಮುಚ್ಚಳ ಬಿಗಿಯದೆ, ಲೈನರ್ ಅನ್ನೋ ಬೂದಿ ಬದಲಿಸುತ್ತಾ ಕೂತಿದ್ದೆ.

2017ರಲ್ಲೇ ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿ ಇದನ್ನು ಬರೆದಿತ್ತು. ಕೊನೆಯ ಪದರದ ಹುಳುಕು ಬಿಟ್ಟು ಮುಚ್ಚುವ ಈ ವಿಧಾನದಲ್ಲಿ ಎರಡು ವರ್ಷಕ್ಕೆ ನೂರಕ್ಕೆ 94ರ ಆಸುಪಾಸು ಯಶಸ್ಸು, ಲೈನರ್ ಯಾವುದಾದರೂ ವ್ಯತ್ಯಾಸ ಕಾಣಲಿಲ್ಲ ಅಂತ. ನಾನು ಓದಿದ್ದು ಸಾವಿರಾರು ರೂಪಾಯಿ ಕಳೆದ ಮೇಲೆ.

ಈಗ ನಾನು ಮಾಡುವುದು ಸರಳ. ಅಂಚುಗಳನ್ನು ಪೂರ್ತಿ ಸ್ವಚ್ಛ ಮಾಡುತ್ತೇನೆ, ಅಲ್ಲಿ ಕರುಣೆ ಇಲ್ಲ. ನರವಿರುವ ಪಲ್ಪ್‌ನ ಹತ್ತಿರ ಬಂದಾಗ ಕೊರೆಯುವ ಬರ್ ಕೆಳಗಿಟ್ಟು, ಕೈಯಲ್ಲಿ ಕೆರೆಯುವ ಸ್ಪೂನ್ ಎಕ್ಸ್‌ಕವೇಟರ್. ಚಕ್ಕೆ ಚಕ್ಕೆಯಾಗಿ ಏಳುವುದು ನಿಂತಾಗ ನಾನೂ ನಿಲ್ಲುತ್ತೇನೆ. ಗ್ಲಾಸ್ ಅಯನೋಮರ್ ಒಂದೇ, ಅದೇ ಲೈನರ್, ಅದೇ ಫಿಲ್ಲಿಂಗ್. ಅದೇ ಸಿಟ್ಟಿಂಗಿನಲ್ಲಿ ಸ್ಟೀಲ್ ಕ್ಯಾಪ್. ಹೀಗೆ 65, 70 ಆಗಿವೆ, ಆರು ಕೆಟ್ಟಿವೆ. ಆ ಆರರಲ್ಲಿ ನಾಲ್ಕು, ಅಪ್ಪ ಅಮ್ಮ "ಕ್ಯಾಪ್ ಬೇಡ" ಅಂದವು. ನನ್ನ ಖರ್ಚು ಒಂದು ಹಲ್ಲಿಗೆ ನಾನೂರು ದಾಟಲ್ಲ, ತೆಗೆದುಕೊಳ್ಳುವುದು ಎರಡೂವರೆ ಸಾವಿರ. ಪಲ್ಪೆಕ್ಟಮಿ ಮಾಡಿದ್ದರೆ ಅವರಿಗೆ ಅದರ ಎರಡರಷ್ಟು.

ಮಳೆಗಾಲದ್ದು ಒಂದು ಮಾತು. ಜುಲೈನಲ್ಲಿ ಗ್ಲಾಸ್ ಸ್ಲ್ಯಾಬನ್ನು ಫ್ರಿಜ್‌ನಿಂದ ತೆಗೆದು ಕಲಸಲು ಹೋಗಬೇಡಿ. ನಮ್ಮ ಕಡೆಯ ತೇವದ ಗಾಳಿಗೆ ಅದರ ಮೇಲೆ ಇಬ್ಬನಿ ಕೂರುತ್ತೆ, ಆ ನೀರು ಸಿಮೆಂಟಿಗೆ ಸೇರುತ್ತೆ. ಒಂದು ತಿಂಗಳ ಫಿಲ್ಲಿಂಗ್ ಎಲ್ಲ ಸೀಮೆಸುಣ್ಣದ ಹಾಗೆ ಉದುರಿದ ಮೇಲೆ ನನಗೆ ಹೊಳೆದದ್ದು. ಪುಡಿ ಬಾಟಲಿಯನ್ನು ಮಳೆಗಾಲ ಪೂರ್ತಿ ಹೇಗೆ ಇಡುತ್ತೇನೆ, ಕ್ಯಾಪ್ ಅಂಚನ್ನು ಎಲ್ಲಿ ಬಗ್ಗಿಸುತ್ತೇನೆ, ಇವೆರಡು ನನ್ನ ಹತ್ತಿರವೇ ಇರಲಿ. ಕ್ಲಿನಿಕ್‌ಗೆ ಬಂದು ನೋಡಿದರೆ ಬೇಡ ಅನ್ನಲ್ಲ.

ಎಸ್‌ಡಿಎಫ್ (ಹುಳುಕು ತಡೆಯುವ, ಹಚ್ಚಿದ ಜಾಗವನ್ನು ಕಪ್ಪಾಗಿಸುವ ಬೆಳ್ಳಿಯ ದ್ರವ) ಕೂಡ ಹದಿನೈದು ಹಲ್ಲಿಗೆ ಫಿಲ್ಲಿಂಗ್ ಕೆಳಗೆ ಹಚ್ಚಿ ನೋಡಿದೆ. ಹಿಂದಿನ ಹಲ್ಲಿನಲ್ಲಿ ಕ್ಯಾಪ್ ಕೆಳಗಿನ ಕಪ್ಪು ಯಾರಿಗೂ ಕಾಣಲ್ಲ. ಒಂದು ಮುಂದಿನ ಹಲ್ಲಿಗೆ ಹಚ್ಚಿದ್ದೆ, ಆ ಅಮ್ಮ ಈಗಲೂ ಬಿ.ಎಂ. ರಸ್ತೆಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ. ಸ್ಕಾಟ್ಲೆಂಡಿನ ನೋರ್ನಾ ಹಾಲ್ ಅವರ ರೀತಿ, ಹುಳುಕು ಮುಟ್ಟದೆ ಇಂಜೆಕ್ಷನ್ ಇಲ್ಲದೆ ಕ್ಯಾಪ್ ಕೂರಿಸುವುದನ್ನೂ ಮಾಡುತ್ತೇನೆ, ಎಲ್ಲರಿಗೂ ಅಲ್ಲ. ಅದರ ಕಥೆ ಇನ್ನೊಂದು ಸಲ.

ಹಲ್ಲು ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತೆ. ಬೇರುಗಳ ನಡುವೆ ಎಕ್ಸ್‌ರೇಯಲ್ಲಿ ಕಪ್ಪು ಕಂಡರೆ, ಹಲ್ಲು ಅಲ್ಲಾಡುತ್ತಿದ್ದರೆ ನಾನು ಕೈ ಹಾಕಲ್ಲ. ರಾತ್ರಿ ನೋವು ಬರುತ್ತಿದ್ದರೂ ಅಷ್ಟೇ, ಆದರೆ ಆ ವಿಷಯದಲ್ಲಿ ಮೊದಲು ಮೋಸ ಹೋಗುತ್ತಿದ್ದೆ. "ರಾತ್ರಿ ಎದ್ದು ಅಳ್ತಾನಾ?" ಅಂದರೆ ಅಪ್ಪ "ಇಲ್ಲ ಸಾರ್" ಅನ್ನುತ್ತಾರೆ. ಹೌದು ಅಂದರೆ ಖರ್ಚು ಜಾಸ್ತಿ ಅಂತ ಗೊತ್ತು. ಈಗ ಅಜ್ಜಿಯನ್ನು ಕೇಳುತ್ತೇನೆ. ಮಗು ಮಲಗುವುದು ಅವರ ಪಕ್ಕದಲ್ಲಿ. "ಅಯ್ಯೋ, ಮೂರು ದಿನದಿಂದ ನಿದ್ದೇನೇ ಇಲ್ಲ ಕಣಪ್ಪ" ಅಂತ ನಿಜ ಹೊರಗೆ ಬರುತ್ತೆ.

2018ರಲ್ಲಿ ಬೇಲೂರಿನ ಒಬ್ಬ ಹುಡುಗನ ಇ ಹಲ್ಲಿಗೆ (ಎರಡನೇ ಹಾಲು ದವಡೆ ಹಲ್ಲು) ಬರೀ ಗ್ಲಾಸ್ ಅಯನೋಮರ್ ಹಾಕಿ ಕ್ಯಾಪ್ ಕೂರಿಸಿದ್ದೆ, ಬಯೋಡೆಂಟಿನ್ ಕೊಳ್ಳಲು ಅವರಿಗೆ ಆಗದೆ. ಹೋದ ದೀಪಾವಳಿಗೆ ಮುಂಚೆ ಹಾಸನಾಂಬೆ ದರ್ಶನಕ್ಕೆ ಬಂದವರು ಕ್ಲಿನಿಕ್‌ಗೂ ಬಂದರು. ಹಲ್ಲು ತಾನಾಗೇ ಬಿದ್ದದ್ದನ್ನು ಅವನ ಅಮ್ಮ ಬೆಂಕಿಪೊಟ್ಟಣದಲ್ಲಿ ಎತ್ತಿಟ್ಟಿದ್ದರು, ಕ್ಯಾಪ್ ಸಮೇತ. ನಾನೇ ಕೇಳಿಕೊಂಡಿದ್ದೆ. ಕ್ಯಾಪ್ ಸೀಳಿ ತೆಗೆದು ಪ್ರೋಬ್ ಚುಚ್ಚಿದೆ. ಅವತ್ತು ಮೆತ್ತಗೆ ತೊಗಲಿನ ಹಾಗಿದ್ದ ಜಾಗ ಕಡುಕಂದು ಬಣ್ಣಕ್ಕೆ ತಿರುಗಿ ಕಲ್ಲಾಗಿತ್ತು. ಪ್ರೋಬ್ ಜಾರಿತು. ಆ ಹಿರಿಯ ಡಾಕ್ಟರಿಗೆ ಫೋಟೋ ಕಳಿಸಿದೆ. ಎರಡು ದಿನ ಬಿಟ್ಟು "ಯಾವ ಕಂಪನಿ ಕ್ಯಾಪ್?" ಅಂತ ಉತ್ತರ ಬಂತು.

ಬಯೋಡೆಂಟಿನ್ ಕ್ಯಾಪ್ಸೂಲ್ ಇನ್ನೂ ಮೂರು ಡ್ರಾಯರ್‌ನಲ್ಲಿವೆ. ಡೇಟ್ ಮುಗಿಯಲು ನಾಲ್ಕು ತಿಂಗಳಿದೆ. ಚಿಕ್ಕಮಗಳೂರು, ಹಾಸನದ ಕಡೆಯವರು ಯಾರಿಗಾದರೂ ಬೇಕಿದ್ದರೆ ಅರ್ಧ ಬೆಲೆಗೆ ಕೊಡುತ್ತೇನೆ.