ಹಳೇ ಕಾರಿನ ಎಸಿಗೆ ಗ್ಯಾಸ್: ತೂಕ ನೋಡಿ ತುಂಬಿ

ಎಸಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ನನ್ನ ಗೆಳೆಯರೊಬ್ಬರು ತಣ್ಣಗಾಗುತ್ತಿಲ್ಲ ಎಂದು ಎರಡು ಕ್ಯಾನ್ ಗ್ಯಾಸ್ ಸುರಿದರು. ನಿಜವಾಗಿ ಕೆಟ್ಟಿದ್ದು ಕಂಡೆನ್ಸರ್ (ಗ್ಯಾಸಿನ ಬಿಸಿ ಹೊರಹಾಕುವ ಜಾಲರಿ) ಮುಂದಿನ ಫ್ಯಾನ್!

ಹಾಗಾಗಿ ಮೊದಲು ಫ್ಯಾನ್, ಕಂಡೆನ್ಸರ್ ಮೇಲಿನ ಧೂಳು, ಕ್ಯಾಬಿನ್ ಫಿಲ್ಟರ್ ನೋಡಿ. ಆಮೇಲೆ ಬಾನೆಟ್ ಕೆಳಗಿನ ಸ್ಟಿಕ್ಕರ್ ಓದಿ. ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಅದರಲ್ಲಿರುತ್ತದೆ. 1990ರ ದಶಕದ ಮಧ್ಯದಿಂದ ಬಂದ ಹೆಚ್ಚಿನ ಹಳೇ ಕಾರುಗಳಲ್ಲಿ ಆರ್-134ಎ ಎಂಬ ಗ್ಯಾಸ್ ಇದೆ. ಅದಕ್ಕೂ ಹಿಂದಿನದಾದರೆ ಆರ್-12 ಇರಬಹುದು. ಅದರ ಜೊತೆ ಒಳಗೆ ಓಡುವ ಎಣ್ಣೆಯೇ ಬೇರೆ, ಸುಮ್ನೆ 134ಎ ತುಂಬಬೇಡಿ.

ಪೈಪ್ ಜೋಡಣೆಯಲ್ಲಿ ಎಣ್ಣೆ ಮೆತ್ತಿದ ಧೂಳು ಕಂಡರೆ ಸೋರುವ ಜಾಗ ಬಹುತೇಕ ಅದೇ. ಗ್ಯಾಸಿನ ಜೊತೆ ಎಣ್ಣೆಯೂ ಹೊರಬರುತ್ತದೆ. ಸೋಪಿನ ನೊರೆ ಹಚ್ಚಿ ಖಚಿತಪಡಿಸಿಕೊಂಡು, ರಿಪೇರಿ ಮಾಡಿಸಿ. ಸೋರಿಕೆ ಮುಚ್ಚುತ್ತದೆ ಎನ್ನುವ ಸೀಲರ್ ಬೆರೆಸಿದ ಕ್ಯಾನ್ ಮಾತ್ರ ಬೇಡವೇ ಬೇಡ. ಅದು ಒಳಗೆ ಗಟ್ಟಿಯಾಗಿ ಸಣ್ಣ ರಂಧ್ರಗಳನ್ನು ಕಟ್ಟಿಬಿಡಬಹುದು, ವರ್ಕ್‌ಶಾಪಿನ ಯಂತ್ರವನ್ನೂ ಹಾಳುಮಾಡಬಹುದು.

ಒಳಗೆ ಎಷ್ಟು ಉಳಿದಿದೆ ಗೊತ್ತಿಲ್ಲದೆ ಟಾಪ್‌ಅಪ್ ಮಾಡುವುದು ಬರೀ ಅಂದಾಜು, ನನಗೆ ಹಿಡಿಸುವುದಿಲ್ಲ. ಉಳಿದ ಗ್ಯಾಸನ್ನು ಯಂತ್ರದಲ್ಲಿ ತೆಗೆಸಿ, ಗಾಳಿಗೆ ಬಿಡಬಾರದು. ನಂತರ ಒಳಗಿನ ಗಾಳಿ, ತೇವ ಎಳೆಯಲು ವ್ಯಾಕ್ಯೂಮ್ ಪಂಪ್ ಕನಿಷ್ಠ ಅರ್ಧ ಗಂಟೆ ಓಡಲಿ. ಮೊದಲು ವಾಲ್ವ್ ಮುಚ್ಚಿ, ಆಮೇಲೆ ಪಂಪ್ ನಿಲ್ಲಿಸಿ ಇನ್ನರ್ಧ ಗಂಟೆ ಕಾಯಿರಿ. ಒತ್ತಡ ತೋರಿಸುವ ಗೇಜಿನ ಸೂಜಿ ಏರುತ್ತಿದ್ದರೆ ಇನ್ನೂ ಸೋರಿಕೆ ಇದೆ, ಇಲ್ಲವೇ ಒಳಗೆ ತೇವ ಉಳಿದಿದೆ.

ಈಗ ಎಲ್ಲರೂ ಎಡವುವ ಹಂತ. ಕನ್ನಡಕ, ಗ್ಲೌಸ್ ಹಾಕಿ. ಈ ಗ್ಯಾಸ್ ಮೈನಸ್ 26 ಡಿಗ್ರಿಯಲ್ಲಿ ಕುದಿಯುತ್ತದೆ, ಚರ್ಮಕ್ಕೆ ತಾಗಿದರೆ ಹೆಪ್ಪುಗಟ್ಟಿಸುತ್ತದೆ. ಗ್ಯಾಸ್ ಹೋಗುವ ಹೋಸನ್ನು ದಪ್ಪ ಪೈಪಿನ 'ಎಲ್' (ಕಡಿಮೆ ಒತ್ತಡ) ಗುರುತಿನ ಪೋರ್ಟಿಗೇ ಹಾಕಿ. 'ಎಚ್' (ಹೆಚ್ಚು ಒತ್ತಡ) ಕಡೆಗೆ ಹಾಕಿ ಎಂಜಿನ್ ಓಡಿಸಿದರೆ ಒತ್ತಡ ಹಿಂದಕ್ಕೆ ಬಂದು ಕ್ಯಾನ್ ಸಿಡಿಯಬಹುದು. ಕ್ಯಾನಿನ ವಾಲ್ವ್ ಕೊಂಚ ತೆರೆದು, ಕ್ಯಾನಿನಿಂದ ಬರುವ ಹೋಸನ್ನು ಗೇಜ್ ಕಡೆಯ ತುದಿಯಲ್ಲಿ ಒಂದು ಕ್ಷಣ ಸಡಿಲಿಸಿ, ಹೋಸಿನೊಳಗಿನ ಗಾಳಿ ಹೊರಬರಲಿ.

ಕ್ಯಾನನ್ನು ತೂಕದ ಯಂತ್ರದ ಮೇಲೆ ನೆಟ್ಟಗೆ ಇಡಿ. ತಲೆಕೆಳಗೆ ಮಾಡಿದರೆ ದ್ರವ ಕಂಪ್ರೆಸರಿಗೆ (ಗ್ಯಾಸನ್ನು ಒತ್ತುವ ಪಂಪಿಗೆ) ಹೋಗಿ ಅದನ್ನೇ ಮುರಿಯಬಹುದು. ಮೊದಲ ಸ್ವಲ್ಪ ಗ್ಯಾಸನ್ನು ವ್ಯಾಕ್ಯೂಮೇ ಎಳೆದುಕೊಳ್ಳುತ್ತದೆ. ಅದು ನಿಂತ ಮೇಲೆ ಎಂಜಿನ್ ಶುರುಮಾಡಿ. ಎಸಿ ಪೂರ್ತಿ, ಬ್ಲೋವರ್ ಪೂರ್ತಿ, ಬಾಗಿಲು ತೆರೆದಿರಲಿ. ವಾಲ್ವನ್ನು ಸ್ವಲ್ಪ ತೆರೆದು, ಮುಚ್ಚಿ, ಕಾಯಿರಿ. ಕ್ಯಾನ್ ತಣ್ಣಗಾಗಿ ಗ್ಯಾಸ್ ನಿಧಾನವಾದರೆ ಬೆಚ್ಚಗಿನ ನೀರಿನಲ್ಲಿಡಿ. ಬೆಂಕಿ ಹತ್ತಿರ ಸುಳಿಯಬೇಡಿ. ತೂಕ ನೋಡುವಾಗ ಮಾತ್ರ ಒರೆಸಿ ಯಂತ್ರದ ಮೇಲಿಡಿ.

ಸ್ಟಿಕ್ಕರ್‌ನಲ್ಲಿ 500 ಗ್ರಾಂ ಇದ್ದರೆ ಕ್ಯಾನಿನಿಂದ 500 ಗ್ರಾಂ ಇಳಿದ ಕೂಡಲೇ ನಿಲ್ಲಿಸಿ. 'ಇನ್ನೊಂಚೂರು' ಆಸೆ ಬೇಡ. ಜಾಸ್ತಿಯಾದರೆ ಒತ್ತಡ ಏರಿ ತಂಪು ಕಡಿಮೆಯೇ ಆಗುತ್ತದೆ. ವಾಲ್ವ್ ಮುಚ್ಚಿ, ಹೋಸ್ ಬಿಚ್ಚಿ. ಪೋರ್ಟ್‌ಗಳ ಪ್ಲಾಸ್ಟಿಕ್ ಮುಚ್ಚಳ ಮರೆಯಬೇಡಿ, ಕೆಲವೊಮ್ಮೆ ಸೋರಿಕೆ ಶುರುವಾಗುವುದೇ ಅಲ್ಲಿಂದ.